ಸ್ವರ್ಣಲತಾ ಟೀಚರ್ ಓದಿದ ಕಡೆಯ ಪುಟ

“ಕುಸುಮಕ್ಕ, ನಾನ್ ಇಂಗ್ಲಿಷ್ ಕಲ್ತದ್ದೇ ಕೂಗಿ ಕೂಗಿ ಕಾಣಿ. ನಮ್ ಮನಿಯಗೆ ಯಾರಿಗೂ ಇಂಗ್ಲಿಷ್ ಬತ್ತಿರ್ಲಿಲ್ಲೆ. ಗುಲ್ವಾಡಿ ಹೊಳಿ ಬದಿಯಗೆ ನಿಂತ್ಕಂಡ್ ಪಾಠ ಓದ್ತಿದ್ದೆ. ಬಟ್ಟಿ ಒಗುಕೆ ಬಂದವ್ರ್ ‘ಎಂತ ಹೆಣೆ, ಯಾರಿಗೆ ಬೈತಿದ್ದೆ?’ ಅಂತಿದ್ರ್. ತಪ್ಪಾರೂ ಅಡ್ಡಿಲ್ಲೆ, ದೊಡ್ಡಕ್ ಓದ್ಕ್, ತಪ್ಪ್ ಕೆಮಿಗೆ ಬಿದ್ರೆ ಅಲ್ದಾ ಸರಿ ಮಾಡುಕೆ ಆಪ್ದ್ ಅಂದ್ ನಮ್ ಮಾಸ್ಟ್ರ್ ಹೇಳ್ತಿದ್ರ್. ಈಗಿನ್ ಮಕ್ಳ್ ಬರೀ ಕಣ್ಣಗೇ ಓದ್ತೊ. ಎಂತ ಓದ್ದೆ ಅಂದ್ ಕೇಂಡ್ರೆ ಗೊತ್ತಿಲ್ಲೆ. ಮೊನ್ನೆ ಪಾಠದಗೆ ‘ಸೀಡ್ಲಿಂಗ್’ ಅಂದ್ ಬಂತ್. ಹಂಗಂದ್ರೆ ನೇಜಿ ಅಂದೆ. ನೇಜಿ ಅಂದ್ರೆ ಎಂತ ಟೀಚರ್ ಅಂದೊ! ಶಾಲಿ ಎದ್ರಿಗೇ ಗದ್ದಿ ಇತ್ತ್, ಆರೆ ಅವು ಹುಟ್ಟುಕ್ ಮುಂಚಿಂದ ಹಡಿಲ್ ಬಿದ್ದಿತ್. ಹುಲ್ಲ್ ಬಿಟ್ರೆ ಬೇರೆಂತ ಕಂಡೊ ಅವು? ಇಂಗ್ಲಿಷಿಗೆ ಕನ್ನಡ ಹೇಳ್ಕ್, ಕನ್ನಡಕ್ಕೆ ಮತ್ತೊಂದ್ ಅರ್ಥ ಹೇಳ್ಕ್. ಹೇಳಿ ಹೇಳಿ ನನ್ ಗಂಟ್ಲ್ ಹರ್ದ್ ಹೋಯ್ತ್. ನೀವ್ ನಂಗೊಂದ್ ಉಪ್ಕಾರ ಮಾಡ್ಕ್. ಬಿತ್ತುದ್, ನೆಡುದ್, ಕೊಯ್ಯುದ್, ಬಡುದ್, ಎಲ್ಲ ಕೈಯಗೆ ಮಾಡಿ ತೋರ್ಸಿ. ನಾನ್ ಮಕ್ಳಿಗೆ ತೋರ್ಸ್ತೆ. ನಂಗೂ ಸರಿ ಗೊತ್ತಿಲ್ಲೆ ಅಂದ್ ಮಾತ್ರ ಯಾರಿಗೂ ಹೇಳ್ಬೇಡಿ ಮರಾಯ್ರೆ.”

ಕಳೆದ ವರ್ಷ ಮಳೆ ಹಿಡಿದ ಹೊಸತರಲ್ಲಿ ನಮ್ಮ ಜಗಲಿಯಲ್ಲಿ ಕುಳಿತು ಸ್ವರ್ಣಲತಾ ಟೀಚರ್ ಹೇಳಿದ ಮಾತಿದು. ಇಷ್ಟುದ್ದ ಬರೆದದ್ದು ಯಾಕೆಂದರೆ, ಈಗ ಕೇಳಬೇಕೆಂದರೂ ಸಿಗುವುದಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆಯುವುದು ನಿಧಾನ. ಆದರೆ ಕೇಳಿದ ಮಾತು ಕೇಳಿದ ಹಾಗೇ ಉಳಿಯುತ್ತದೆ.

ಬಸ್ರೂರಿನಲ್ಲಿ ನಮ್ಮ ಮನೆ ದಾಟಿ ಎರಡನೇ ಮನೆ ಅವಳದು. ಗಂಡ ಪ್ರೇಮಾನಂದನಿಗೆ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸ. ಮಕ್ಕಳಿಲ್ಲ. ಅವಳು ಊರ ಹೈಸ್ಕೂಲಿನಲ್ಲಿ ಇಂಗ್ಲಿಷಿನ ಅತಿಥಿ ಟೀಚರ್. ಅತಿಥಿ ಅಂದರೆ ಪ್ರತಿ ಜೂನಿನಲ್ಲಿ ಹೊಸದಾಗಿ ಕರೆಯಬೇಕು, ಕರೆದರೆ ಹೋಗಬೇಕು. ನಡುವೆ ಉದ್ದದ ರಜೆ ಹಾಕಿದರೆ ಆ ಜಾಗಕ್ಕೆ ಇನ್ನೊಬ್ಬರು ಬಂದು ಕೂರುತ್ತಾರೆ. ಹಾಗೇ ಹತ್ತು ಹನ್ನೆರಡು ವರ್ಷದಿಂದ ಅತಿಥಿಯಾಗಿಯೇ ಇದ್ದಳು. ಅವಳ ಪಾಠ ಶಾಲೆಯ ಹಿಂದೆ ತೋಟದಾಚೆ ಇರುವ ನಮ್ಮ ಗದ್ದೆಯವರೆಗೆ ಕೇಳುತ್ತಿತ್ತು. ಕಳೆ ಕೀಳುತ್ತಾ ನಾನೂ ಎಷ್ಟೋ ಇಂಗ್ಲಿಷ್ ಕೇಳಿದ್ದೇನೆ. ಅರ್ಥವಾಗದಿದ್ದರೂ ಅವಳು ಕೇಳಿದ್ದು ಪ್ರಶ್ನೆಯೋ, ಬೈದದ್ದೋ, ಶಾಬಾಸ್ ಅಂದದ್ದೋ ಸ್ವರದಲ್ಲೇ ತಿಳಿಯುತ್ತಿತ್ತು.

ಅವಳು ಉಪಕಾರ ಕೇಳಿದ ಮೇಲೆ ಇಲ್ಲ ಅನ್ನಲಾಗುತ್ತದೆಯೇ? ಅಟ್ಟದಿಂದ ಭತ್ತ ಬಡಿಯುವ ಹಡಿಮಂಚ ಇಳಿಸಿದೆ. ಕತ್ತಿ, ಗೆರಸಿ ಕೊಟ್ಟೆ. ಅಂಗಳದಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಬಗ್ಗಿದಳು.

“ಹಾಂಗಲ್ಲ ಹೆಣೆ, ನೇಜಿ ನೆಡುವತ್ತಿಗೆ ಹಿಂದ್ ಹಿಂದಕ್ಕೆ ಹೋಯ್ಕ್. ನೀನ್ ಮುಂದ್ ಬಂದ್ರೆ ನೆಟ್ಟದ್ದನ್ನೇ ಮೆಟ್ಟುದಲ್ದಾ?” ಅಂದೆ.

“ನಮ್ ಇಲಾಖಿಯಗೂ ಹಾಂಗೇ ಕುಸುಮಕ್ಕ, ಹಿಂದ್ ಹಿಂದಕ್ಕೇ ಹೋಪ್ದ್,” ಅಂದು ಸೊಂಟ ಹಿಡಿದುಕೊಂಡು ನಕ್ಕಳು. ನಗುವಾಗಲೇ ಕೆಮ್ಮು ಬಂತು. ಕೆಮ್ಮಿ ಮುಗಿದ ಮೇಲೆ ಸ್ವರ ಸ್ವಲ್ಪ ಹೊತ್ತು ಹೊರಡಲಿಲ್ಲ. ನಾವಿಬ್ಬರೂ ಅದನ್ನು ದೊಡ್ಡದು ಮಾಡಲಿಲ್ಲ. ಶೀತ ಅಂದುಕೊಂಡೆವು.

ದೀಪಾವಳಿ ಹೊತ್ತಿಗೆ ಅವಳ ಮಾತು ಒಡೆದ ಮಡಕೆಯ ಹಾಗಾಯಿತು. ಶುಂಠಿ ಕಷಾಯ, ಒಳ್ಳೆಮೆಣಸಿನ ಕಷಾಯ, ಯಾವುದಕ್ಕೂ ಬಗ್ಗಲಿಲ್ಲ. ಪ್ರೇಮಾನಂದ ಒತ್ತಾಯ ಮಾಡಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಗಂಟಲಿಗೆ ಕೊಳವೆ ಇಳಿಸಿ ನೋಡಿದ ಡಾಕ್ಟರು, ಸ್ವರದ ತಂತಿಯ ಮೇಲೆ ಗಂಟು ಎದ್ದಿದೆ, ಮೂರು ತಿಂಗಳು ಬಾಯಿ ಮುಚ್ಚಿಕೊಂಡಿರಬೇಕು ಅಂದರಂತೆ. ಇನ್ನೂ ಕೂಗಿದರೆ ತಂತಿ ಹರಿದು ರಕ್ತ ಒಡೆಯಬಹುದು, ಆಮೇಲೆ ಸ್ವರ ಮರಳುತ್ತದೆ ಅನ್ನುವ ಭರವಸೆ ನನ್ನಲ್ಲಿಲ್ಲ ಅಂತಲೂ ಹೇಳಿದರಂತೆ.

ಹತ್ತನೆಯವರ ಪರೀಕ್ಷೆ ಇದ್ದದ್ದು ಮಾರ್ಚಿನಲ್ಲಿ. ರಜೆ ಹಾಕಿದರೆ ಕೆಲಸ ಹೋಯಿತು, ಕ್ಲಾಸೂ ಹೋಯಿತು. ಆ ಸಂಜೆ ಅವರ ಮನೆಯ ಮಾತು ನಮ್ಮ ಬಾವಿಕಟ್ಟೆಯವರೆಗೆ ಕೇಳಿತು. ಕೇಳಿದ್ದು ಗಂಡನ ಮಾತು ಮಾತ್ರ.

“ಮಾರ್ಚ್ ಮುಗಿಲಿ ಅಂತೆ. ಅಷ್ಟೊತ್ತಿಗೆ ನಿನ್ ಬಾಯಗೆ ಎಂತ ಉಳಿತ್? ದಿನ ಇಡೀ ಮಿಷನ್ ಗಲಾಟಿ ಕೇಂತೆ ನಾನ್. ಮನಿಗ್ ಬಂದ್ರೆ ನಿನ್ ಮಾತೊಂದೇ ನಂಗಿಪ್ದ್. ಅದೂ ಶಾಲಿಗೇ ಕೊಡ್ತ್ಯಾ?”

ಮರುದಿನ ಅವಳು ನನ್ನ ಹತ್ತಿರ ಬಂದು, ಕಿವಿಯ ಬಳಿ ಬರೀ ಉಸಿರಿನಲ್ಲಿ ಹೇಳಿದಳು: “ಎಂಟನೇ ಕ್ಲಾಸಿಂದ ನಾನೇ ಕಲ್ಸಿದ್ ಮಕ್ಳ್. ನೀವ್ ಕಲ್ಸಿದ್ದ್ ಇತ್ತಲೆ, ಕೈ ಕಾಲ್. ಮಾತಿಲ್ದೆ ಪಾಠ ಮಾಡ್ತೆ. ಶಾಲಿಯಗೆ ಬರೀ ಶೀತ ಅಂದಿದ್ದೆ. ಯಾರಿಗೂ ಹೇಳುಕಾಗ.”

ಹೇಗೆ ಮಾಡುತ್ತಾಳೆ ನೋಡೋಣ ಅಂತ ಒಂದು ದಿನ ಶಾಲೆಯ ಕಿಟಕಿಯ ಹತ್ತಿರ ನಿಂತೆ. ಒಳಗೆ ಅವಳು ಒಂದಕ್ಷರ ಮಾತಾಡದೆ ಸೆರಗಿನಿಂದ ಬೀಜ ತೆಗೆದು ಬಿತ್ತಿದಳು. ಮಕ್ಕಳು ಒಟ್ಟಿಗೆ “ಶಿ ಈಸ್ ಸೋಯಿಂಗ್!” ಅಂತ ಕೂಗಿದರು. ಕೈ ಕೊಡವಿ ನಿಂತಳು. “ಶಿ ಹ್ಯಾಸ್ ಸೋನ್!” ಬಗ್ಗಿ ಹಿಂದೆ ಹಿಂದೆ ಹೋಗುತ್ತಾ ನೇಜಿ ನೆಟ್ಟಳು. ಈಗ ಮುಂದೆ ಬರುವ ತಪ್ಪು ಮಾಡಲಿಲ್ಲ. ನನ್ನ ಕತ್ತಿ ಹಿಡಿದು ಕೊಯ್ದಳು, ಹಡಿಮಂಚಕ್ಕೆ ಬಡಿದಳು, ಗೆರಸಿಯಲ್ಲಿ ಗಾಳಿಗೆ ತೂರಿದಳು. ಒಂದೊಂದಕ್ಕೂ ಒಂದು ಶಬ್ದ, ಆ ಶಬ್ದಕ್ಕೊಂದು ವಾಕ್ಯ. ಹಂಚಿನ ಮಾಡು ಹಾರಿ ಹೋಗುವ ಹಾಗೆ ಕೂಗುತ್ತಿದ್ದರು.

ಓದುವ ಹೊತ್ತಿಗೆ ಮಕ್ಕಳೇ ಓದಬೇಕು. ಅವಳ ಬೆರಳು ಸಾಲಿನ ಕೆಳಗೆ ಹೋಗುತ್ತಿತ್ತು. ತಪ್ಪಿದರೆ ಮೇಜಿಗೆ ಒಂದು ಕುಟ್ಟು, ಮತ್ತೆ ಓದಬೇಕು. ಸರಿಯಾದರೆ ಎರಡು ಕುಟ್ಟು, ಮುಂದೆ ಹೋಗಬೇಕು. ನವ್ಯಾ ಅನ್ನುವ ಹುಡುಗಿ, ನಮ್ಮ ಓಣಿಯ ಬಸ್ ಡ್ರೈವರ್ ಚಂದ್ರನ ಮಗಳು, ಒಂದೇ ಸಾಲಿನಲ್ಲಿ ಸಿಕ್ಕಿಕೊಂಡು ಅಳುವ ಹಾಗಾದಳು. ಟೀಚರು ಬೆರಳು ತೆಗೆಯಲಿಲ್ಲ, ಕುಟ್ಟುತ್ತಾ ಕಾದಳು. ಎರಡು ಕುಟ್ಟು ಕೇಳಿದಾಗ ನನಗೇ ಉಸಿರು ಬಂದ ಹಾಗಾಯಿತು.

ಆದರೆ ಮಕ್ಕಳ ಬಾಯಲ್ಲಿ ಗುಟ್ಟು ಎಷ್ಟು ದಿನ? ಟೀಚರು ಮಾತಾಡುವುದಿಲ್ಲ, ಕುಣಿಯುತ್ತಾರೆ ಅಂತ ಮನೆಮನೆಗೆ ಹೋಯಿತು.

ಸುಗ್ಗಿ ಬೆಳೆ ಕೊಯ್ಲಿಗೆ ಬಂದಿತ್ತು. ಕತ್ತಿ ಬೇಕಾಗಿ ತರಲು ನಾನು ಶಾಲೆಗೆ ಹೋದ ದಿನವೇ ಹೆತ್ತವರ ಸಭೆ. ಬಾಗಿಲ ಹೊರಗೆ ನಿಂತೆ. ಚಂದ್ರ ಎದ್ದು ನಿಂತಿದ್ದ.

“ಹ್ವಾಯ್ ಮಾಸ್ಟ್ರೆ, ಇದ್ ಶಾಲಿಯಾ, ಬಯಲಾಟವಾ? ಆಟದಗಾರೂ ವೇಷ ಮಾತಾಡ್ತ್. ನಿಮ್ ಟೀಚರ್ ಬಾಯೇ ಬಿಡುದಿಲ್ಲೆ ಅಂಬ್ರ್. ಇಂಗ್ಲಿಷ್ ಬತ್ತಿಲ್ಲೆ, ಅದ್ಕೇ ಕೈ ಬಾಯಿ ಸನ್ನಿ ಅಂತೊ ಜನ.”

ಹೆಡ್ ಮಾಸ್ಟರ್ ಅಣ್ಣಯ್ಯ ಜಗಳ ಕಂಡರೆ ಬೆವರುವ ಮನುಷ್ಯ. “ನಿಧಾನ ಚಂದ್ರ, ನಿಧಾನ,” ಅಂದರು.

“ಎಂತ ನಿಧಾನ? ನಾನ್ ಇಂಗ್ಲಿಷ್ ಒಂದ್ರಗೇ ಫೇಲಾಯಿ ಸ್ಟೇರಿಂಗ್ ಹಿಡ್ದವ. ಬಸ್ಸಿನ ಇಂಗ್ಲಿಷ್ ಬೋರ್ಡ್ ಸೈತ ಇನ್ನೊಬ್ರತ್ರ ಓದ್ಸಿ ಕೇಂತಿದ್ದೆ. ನನ್ ಮಗ್ಳಿಗೂ ಹಾಂಗೇ ಆಯ್ಕಾ?” ಕೆಟ್ಟವನಲ್ಲ ಅವನು.

ಅಣ್ಣಯ್ಯ ಮಾಸ್ಟರು ಪುಸ್ತಕ ತೆಗೆದು ಅವಳ ಮುಂದಿಟ್ಟರು. “ಟೀಚರ್, ಒಂದ್ ಪುಟ ಓದಿ ಬಿಡಿ. ಒಂದೇ ಪುಟ. ಎಲ್ಲರ ಬಾಯಿ ಮುಚ್ತ್.”

ಗಂಟಲಿನ ವಿಷಯ ಹೇಳಿದರೆ ಆ ಹೊತ್ತಿಗೇ ಮನೆಗೆ ಕಳಿಸುತ್ತಾರೆ. ಓದದಿದ್ದರೆ ಇಂಗ್ಲಿಷ್ ಬಾರದವಳು ಅನ್ನುತ್ತಾರೆ. ನಾನು ಬಾಗಿಲಲ್ಲಿ ನಿಂತು ಬೇಡ ಬೇಡ ಅಂತ ತಲೆ ಅಲ್ಲಾಡಿಸಿದೆ. ಅವಳು ನನ್ನನ್ನು ನೋಡಿದಳು, ಆಮೇಲೆ ಕಿಟಕಿಯಲ್ಲಿ ಒತ್ತಿಕೊಂಡು ನಿಂತಿದ್ದ ಮಕ್ಕಳನ್ನು ನೋಡಿದಳು. ಪುಸ್ತಕ ಎತ್ತಿಕೊಂಡಳು.

ಓದಿದಳು. ಮೊದಲ ಎರಡು ಸಾಲು ತೆಂಗಿನ ಗರಿ ಎಳೆದ ಹಾಗೆ ಕರಕರ. ಆಮೇಲೆ ಎಲ್ಲಿಂದಲೋ ಹಳೆಯ ಸ್ವರ ಬಂತು, ನಮ್ಮ ಗದ್ದೆಯವರೆಗೆ ಬರುತ್ತಿದ್ದ ಸ್ವರ. ಒಬ್ಬ ರೈತ ಮಳೆಗೆ ಮುಂಚೆ ಗದ್ದೆ ಹದ ಮಾಡುವ ಪಾಠವಂತೆ ಅದು. ನನಗೆ ಅರ್ಥವಾದದ್ದು ನಡುನಡುವೆ ಬಂದ ‘ಸೋ’, ‘ಸೀಡ್’, ‘ಫೀಲ್ಡ್’ ಅಷ್ಟೇ. ಪುಟದ ಕೆಳಗಿನ ಸಾಲುಗಳಿಗೆ ಬರುವಾಗ ಕತ್ತಿನ ನರ ಉಬ್ಬಿತು. ಒಂದು ಶಬ್ದದ ಅರ್ಧದಲ್ಲಿ ಸ್ವರ ನಿಂತಿತು. ತುಟಿ ಮಾತ್ರ ಇನ್ನೂ ಓದುತ್ತಿತ್ತು.

ಕಿಟಕಿಯ ಹೊರಗಿನಿಂದ ನವ್ಯಾ ಆ ಸಾಲನ್ನು ಬಾಯಿಪಾಠದಲ್ಲಿ ಹೇಳಿದಳು. ಒಂದೂ ತಪ್ಪಿಲ್ಲದೆ.

“ನೀ ಸುಮ್ನಿರ್,” ಅಂದ ಚಂದ್ರ.

ಟೀಚರು ಪುಸ್ತಕ ಮುಚ್ಚಿ, ಬಾಯಿಗೆ ಸೆರಗು ಒತ್ತಿಕೊಂಡಳು. ತೆಗೆದಾಗ ಸೆರಗಿನಲ್ಲಿ ಕೆಂಪು. ಆಗ ನಾನೇ ಒಳಗೆ ಹೋಗಿ ಎಲ್ಲ ಹೇಳಿದೆ. ಚಂದ್ರ ಚಪ್ಪಲಿ ಹುಡುಕುತ್ತಾ ಹೊರಗೆ ಹೋದ. ಆಸ್ಪತ್ರೆಗೆ ಹೋಗಲು ವ್ಯಾನು ತಂದವನು ಅವನೇ.

ಮುಂದಿನ ವಾರ ಶಾಲೆಗೆ ಬ್ರಹ್ಮಾವರ ಕಡೆಯಿಂದ ರಮಿತಾ ಅನ್ನುವ ಹುಡುಗಿ ಟೀಚರಾಗಿ ಬಂದಳು. ಒಳ್ಳೆಯ ಹುಡುಗಿ, ಸ್ವರವೂ ದೊಡ್ಡದು. ಸ್ವರ್ಣಲತೆಗೆ ಆಪರೇಷನ್ ಆಯಿತು. ಗಂಟು ತೆಗೆದರು. ಒಳಗೆ ಗಾಯದ ಕಲೆ ಕೂತಿದೆ, ಇನ್ನು ಉಸಿರಿನಷ್ಟೇ ಮಾತು ಅಂದರು. ಪ್ರೇಮಾನಂದ ಈಗ ಕೆಲಸ ಮುಗಿಸಿ ಬಂದು ಟಿವಿ ಹಾಕುತ್ತಾನೆ. ಮೊದಲು ಆ ಮನೆಯಲ್ಲಿ ಟಿವಿ ಕೇಳಿದ್ದೇ ನೆನಪಿಲ್ಲ.

ಮೇ ತಿಂಗಳಲ್ಲಿ ನಾನು ಭತ್ತ ಬೇಯಿಸಿ ಅಂಗಳದಲ್ಲಿ ಚಾಪೆಯ ಮೇಲೆ ಒಣ ಹಾಕಿದ್ದೆ. ಮಳೆ ಬರುವ ಮುಂಚೆ ಕುಚ್ಚಲಕ್ಕಿ ಮಾಡಿಸಬೇಕಲ್ಲ. ಸ್ವರ್ಣಲತಾ ದಿನಾ ಬಂದು ಕಾವಲು ಕೂರುತ್ತಿದ್ದಳು. ಆ ದಿನ ಬಿಸಿಲಿನಲ್ಲಿ ನವ್ಯಾ ಓಡಿಬಂದಳು.

“ಟೀಚರ್, ಪಾಸ್! ಇಂಗ್ಲಿಷಗೆ ಅರ್ವತ್ತರ ಮೇಲೆ!”

ಟೀಚರು ಎದ್ದು ನಿಂತು ಅವಳ ಎರಡೂ ಕೈ ಹಿಡಿದು ಏನೋ ಹೇಳಿದಳು. ಬರೀ ಗಾಳಿ ಬಂತು. ನವ್ಯಾ ಕಿವಿ ಹತ್ತಿರ ತಂದಳು. ಮತ್ತೆ ಹೇಳಿದಳು. ಹುಡುಗಿಗೆ ತಿಳಿಯಲಿಲ್ಲ, ನನಗೂ ಕೇಳಲಿಲ್ಲ.

“ಎಂತ ಟೀಚರ್?” ಅಂದಳು ನವ್ಯಾ. ಮತ್ತೊಮ್ಮೆ ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. “ನಾನ್ ಹೋಯ್ ಬತ್ತೆ ಅಕಾ, ಅಪ್ಪಯ್ಯ ರಸ್ತಿಯಗೆ ನಿಂತಿದ್ರ್.” ಚಂದ್ರ ಅಂಗಳಕ್ಕೆ ಬರಲಿಲ್ಲ.

ಹುಡುಗಿ ಅಂಗಳ ದಾಟಿದಳು. ಅಷ್ಟರಲ್ಲಿ ಕಾಗೆಗಳು ಚಾಪೆಯ ಅಂಚಿಗೆ ಇಳಿದವು. ನಾನು ಹುಶ್ ಅನ್ನುವ ಮೊದಲೇ ಟೀಚರು ಎರಡು ಸಲ ಚಪ್ಪಾಳೆ ತಟ್ಟಿದಳು. ಕಾಗೆಗಳು ಎದ್ದು ಮಾಡಿನ ಮೇಲೆ ಕುಳಿತವು. ಅವಳು ಸೀರೆ ಸ್ವಲ್ಪ ಎತ್ತಿ ಹಿಡಿದು, ಬಿಸಿಯಾದ ಭತ್ತದ ಮೇಲೆ ಕಾಲೆಳೆಯುತ್ತಾ, ಈ ತುದಿಯಿಂದ ಆ ತುದಿಗೆ ಸಾಲು ಸಾಲಾಗಿ ಮಗುಚತೊಡಗಿದಳು.