ನನ್ನ ಗಿಟಾರಿಗೆ ಬಿದ್ದ ಎರಡು ಸ್ಕ್ರೂ

ನನಗೆ ಇಪ್ಪತ್ತೈದು ತುಂಬಿದ ವರ್ಷ ಒಂದು ಗಿಟಾರ್ ಮಾಡಿಸಿಕೊಂಡೆ. ಅಂಗಡಿಯಲ್ಲಿ ಕೊಂಡದ್ದಲ್ಲ, ಮಾಡಿಸಿಕೊಂಡದ್ದು. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಮನೆಯಲ್ಲಿ ಯಾರೂ ಕೊನೆಯವರೆಗೂ ಒಪ್ಪಲಿಲ್ಲ. ಆಮೇಲೆ ನಡೆದದ್ದಕ್ಕೆಲ್ಲ ಅದೇ ಮೂಲ ಎಂದು ನಾನು ಈಗಲೂ ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಜಯನಗರದಲ್ಲಿ ಅಪ್ಪ ಕಟ್ಟಿಸಿ ತೀರಿಕೊಂಡ ಚಿಕ್ಕ ಮನೆಯಲ್ಲಿ ಅಮ್ಮ, ಅಣ್ಣ, ನಾನು ಮೂವರೇ. ಅಣ್ಣ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್, ನಾನು ಬ್ಯಾಂಕಿನಲ್ಲಿ ಗುಮಾಸ್ತೆ. ಕಾಲೇಜಿನಲ್ಲಿದ್ದಾಗ ಕಂಟೋನ್ಮೆಂಟ್ ಕಡೆಯ ಒಬ್ಬ ಮುದುಕಿ ಟೀಚರ್ ಹತ್ತಿರ ಶನಿವಾರ ಶನಿವಾರ ಹೋಗಿ ಗಿಟಾರ್ ಕಲಿತಿದ್ದೆ. ನೈಲಾನ್ ತಂತಿಯ ಮೇಲೆ ಬರೀ ಬೆರಳಿನಿಂದ ಮೀಟುವ ಪದ್ಧತಿ ಅದು. ನನ್ನ ಕೈ ಚಿಕ್ಕದು. ಅಂಗಡಿಯ ಗಿಟಾರುಗಳ ಕತ್ತು ನನ್ನ ಎಡಗೈಗೆ ಅಗಲವಾಗಿ, ಅರ್ಧ ಗಂಟೆ ನುಡಿಸುವಷ್ಟರಲ್ಲಿ ಹೆಬ್ಬೆರಳ ಬುಡ ಉರಿಯುತ್ತಿತ್ತು.

ತಿಲಕ್ ನಗರದಲ್ಲಿ ಒಬ್ಬರು ಮೇಸ್ತ್ರಿ ಇದ್ದರು. ಮೊದಲು ಫರ್ನಿಚರ್ ಕೆಲಸದವರು. ರಿಪೇರಿಗೆ ಬಂದ ಗಿಟಾರುಗಳನ್ನು ಬಿಚ್ಚಿ ಬಿಚ್ಚಿ ನೋಡಿ, ಮಾಡುವುದನ್ನು ತಾವೇ ಕಲಿತವರು. ನನ್ನ ಕೈಯನ್ನು ಒಂದು ರಟ್ಟಿನ ಮೇಲೆ ಇಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಂಡರು. ಪಕ್ಕ ಮತ್ತು ಹಿಂಬದಿಗೆ ಹಳೆಯ ಮಂಚವೊಂದರ ಬೀಟೆ ಮರ. ಮುಂದಿನ ಹಲಗೆಗೆ ಮಾತ್ರ ಮುರಿದ ಪಿಯಾನೋ ಒಂದರ ಒಳಗಿನಿಂದ ತೆಗೆದಿಟ್ಟ ಹಗುರ ಮರ.

"ನಾದ ಎಲ್ಲಾ ಇದ್ರಲ್ಲೇ ಇರೋದು ಅಮ್ಮಾ," ಎಂದು ಆ ಹಲಗೆಯನ್ನು ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ತಟ್ಟಿ ತೋರಿಸಿದರು. "ಇಂಥದ್ದು ನನ್ನ ಹತ್ರ ಒಂದೇ ಇದೆ. ಯಾರಿಗ್ ಮಾಡ್ಲಿ ಅಂತ ಕಾಯ್ತಿದ್ದೆ."

ಏಳು ತಿಂಗಳು ಹಿಡಿಯಿತು. ಸಂಜೆ ಬ್ಯಾಂಕಿನಿಂದ ನಡೆದುಕೊಂಡು ಹೋಗಿ ಅವರು ಹಲಗೆಯನ್ನು ತೆಳ್ಳಗೆ ಮಾಡುತ್ತಿದ್ದುದನ್ನು ನೋಡುತ್ತ ಕೂರುತ್ತಿದ್ದೆ. ಕೊಡುವ ದಿನ ಕೈಯಲ್ಲಿ ಕೊಟ್ಟು ಹೇಳಿದರು: "ಬಿಸಿಲಿಗಿಡಬೇಡಿ. ಬೇಸಿಗೇಲಿ ಪೆಟ್ಟಿಗೆ ಒಳಗೆ ಸ್ವಲ್ಪ ಒದ್ದೆ ಸ್ಪಂಜು ಇಡಿ, ಮರ ಬಿರಿಯಲ್ಲ. ಸ್ಟೀಲ್ ತಂತಿ ಮಾತ್ರ ಯಾವತ್ತೂ ಹಾಕಬೇಡಿ. ಅದರ ಎಳೆತ ಈ ಹಲಗೆ ತಡೆಯಲ್ಲ." ನಾನು ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಸ್ಪಂಜಿನ ತುಂಡಿಟ್ಟು, ಶಿವರಾತ್ರಿ ಕಳೆದ ಮೇಲೆ ಎರಡು ದಿನಕ್ಕೊಮ್ಮೆ ನೀರು ಹನಿಸುತ್ತಿದ್ದೆ. ನುಡಿಸಿದ ಮೇಲೆ ಅಪ್ಪನ ಹಳೆಯ ಪಂಚೆಯ ತುಂಡಿನಿಂದ ತಂತಿಯ ಬೆವರು ಒರೆಸುತ್ತಿದ್ದೆ. ಗಿಟಾರ್ ನನ್ನ ಬೀರುವಿನಲ್ಲಿರುತ್ತಿತ್ತು, ಬೀಗ ಹಾಕಿ. ಬೀಗದ ಕೈ ಅಮ್ಮನ ಹತ್ತಿರ. ಮನೆಯ ಎಲ್ಲ ಕೀಲಿಗಳೂ ಅಮ್ಮನ ಸೊಂಟದಲ್ಲೇ ಇರುತ್ತಿದ್ದುದು ಪದ್ಧತಿ.

ಮೂರನೆಯ ವರ್ಷದ ನವೆಂಬರಿನಲ್ಲಿ ಬ್ಯಾಂಕಿನವರು ನನ್ನನ್ನು ಒಂದು ವಾರದ ತರಬೇತಿಗೆ ಮೈಸೂರಿಗೆ ಕಳಿಸಿದರು. ವಾಪಸು ಬಂದ ಸಂಜೆ ಕೈಕಾಲು ತೊಳೆದು, ಅಮ್ಮನಿಂದ ಕೀಲಿ ಇಸಿದುಕೊಂಡು ಬೀರು ತೆಗೆದೆ. ಗಿಟಾರ್ ಇತ್ತು. ಆದರೆ ಪೆಟ್ಟಿಗೆಯಲ್ಲಿ ಬೋರಲಾಗಿತ್ತು. ಹೊರಗೆ ತೆಗೆದೆ. ತಂತಿಗಳು ಹೊಳೆಯುತ್ತಿದ್ದವು. ಸ್ಟೀಲ್. ಹಲಗೆ ಬಾವು ಬಂದ ಹೊಟ್ಟೆಯ ಹಾಗೆ ಮೇಲೆದ್ದಿತ್ತು. ತಂತಿಗಳನ್ನು ಕೆಳಗೆ ಹಿಡಿದಿರುವ ಮರದ ಪಟ್ಟಿ ಇದೆಯಲ್ಲ, ಬ್ರಿಡ್ಜ್ ಅನ್ನುತ್ತಾರೆ, ಅದು ಕಿತ್ತು ಬಂದಿದ್ದನ್ನು ಮತ್ತೆ ಅಂಟಿಸಿದ್ದರು. ಸುತ್ತ ಬಿಳಿಯ ಗೋಂದು ಸುರಿದು ಒಣಗಿತ್ತು. ಆ ಪಟ್ಟಿಯ ಎರಡು ತುದಿಗೆ, ಬಾಗಿಲಿಗೆ ಕೀಲು ಕೂರಿಸುವಾಗ ಹೊಡೆಯುವಂಥ ಎರಡು ದಪ್ಪ ಸ್ಕ್ರೂ.

ನಾನು ಚೀರಿದ್ದು ಪಕ್ಕದ ಮನೆಗೂ ಕೇಳಿಸಿತಂತೆ.

ಅಣ್ಣ ಹಾಲಿನಲ್ಲಿ ಪೇಪರ್ ಓದುತ್ತಿದ್ದ. "ಯಾರು ಮಾಡಿದ್ದು ಇದನ್ನ?" ಎಂದೆ.

"ಏನೇ ಅದು, ಇಷ್ಟೊಂದ್ ಕೂಗಾಡ್ತೀಯಾ? ಫ್ಯಾಕ್ಟ್ರೀಲಿ ರಾಜ್ಯೋತ್ಸವ ಇತ್ತು. ಆರ್ಕೆಸ್ಟ್ರಾದವನ ಗಿಟಾರ್ ಕೈಕೊಡ್ತು. ನಮ್ಮನೇಲಿದೆ ತಂದ್ಕೊಡ್ತೀನಿ ಅಂದೆ. ನಿನ್ ತಂತಿ ಮೈಕಿಗೆ ಕೇಳಲ್ಲ ಅಂತ ಬೇರೆ ಹಾಕ್ಕೊಂಡ. ಸ್ವಲ್ಪ ಕಿತ್ತೋಯ್ತು. ನಾನೇ ನಮ್ಮ ಕಾರ್ಪೆಂಟರ್ ಹತ್ರ ಗಟ್ಟಿಯಾಗಿ ಫಿಟ್ ಮಾಡಿಸ್ದೆ. ಇನ್ನು ಹತ್ತು ವರ್ಷ ಅಲ್ಲಾಡಲ್ಲ, ನೋಡ್ಕೋ."

ನೋಡ್ಕೋ ಅಂದ. ಉಪಕಾರ ಮಾಡಿದವನ ಧಾಟಿಯಲ್ಲಿ.

"ನನ್ನ ಬೀರು ಹೇಗೆ ತೆಗ್ದೆ?"

ಅವನು ಅಮ್ಮನ ಕಡೆ ನೋಡಿದ. ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದಳು, "ನಾನೇ ಕೊಟ್ಟೆ ಕಣೇ. ನಾಲ್ಕು ಜನರ ಮುಂದೆ ಆಗ್ಲೇ ಮಾತು ಕೊಟ್ಬಿಟ್ಟಿದ್ದ. ಅವನ ಮರ್ಯಾದೆ ಪ್ರಶ್ನೆ. ಅದೇನು ಒಡವೆಯೇ? ಮರದ ಸಾಮಾನು ತಾನೇ?"

ಅಣ್ಣನ ಮೇಲೆ ಬಂದ ಸಿಟ್ಟು ಒಂದು ತೂಕ, ಅಮ್ಮನ ಮೇಲೆ ಬಂದದ್ದು ಇನ್ನೊಂದು ತೂಕ. ಅಣ್ಣ ಕೇಳದೆ ತೆಗೆದುಕೊಳ್ಳುವವನೇ. ನನ್ನ ಪೆನ್ನು, ಕೊಡೆ, ಸೈಕಲ್ಲು ಎಲ್ಲ ಹಾಗೆಯೇ ಹೋಗಿದ್ದವು. ಆದರೆ ಏಳು ತಿಂಗಳು ನಾನು ತಿಲಕ್ ನಗರಕ್ಕೆ ಓಡಾಡಿದ್ದನ್ನು ನೋಡಿದವಳು ಅಮ್ಮ. ಸೋಪಿನ ಡಬ್ಬಿ ಕೊಟ್ಟವಳೂ ಅವಳೇ.

ಮರುದಿನ ರಜೆ ಹಾಕಿ ಗಿಟಾರ್ ತೆಗೆದುಕೊಂಡು ಮೇಸ್ತ್ರಿಗಳ ಹತ್ತಿರ ಹೋದೆ. ದಾರಿಯುದ್ದಕ್ಕೂ ಏನು ಹೇಳಲಿ ಎಂದು ಯೋಚಿಸಿದ್ದೆ. ಕೊನೆಗೆ ಪೆಟ್ಟಿಗೆ ತೆರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಮೊದಲು ತಂತಿಗಳನ್ನು ಒಂದೊಂದಾಗಿ ಸಡಿಲ ಮಾಡಿ ತೆಗೆದರು. ಆಮೇಲೆ ಸ್ಕ್ರೂ ಬಿಚ್ಚಿದರು. ತೂತಿನಿಂದ ಹಲಗೆಯ ಪುಡಿ ಉದುರಿತು. ನಾದದ ತೂತಿನೊಳಗೆ ಚಿಕ್ಕ ಕನ್ನಡಿ ಇಳಿಸಿ ನನಗೂ ತೋರಿಸಿದರು. ಹಲಗೆಯ ಒಳಗೆ ಕೂದಲೆಳೆಯ ಲೆಕ್ಕದಲ್ಲಿ ಕೆತ್ತಿ ಅಂಟಿಸಿದ್ದ ಆಧಾರದ ಪಟ್ಟಿಗಳನ್ನು ಸ್ಕ್ರೂಗಳು ಸೀಳಿಕೊಂಡು ಹೋಗಿದ್ದವು.

"ತಂತಿ ಹಾಕಿದ್ದು ಬಿಡಿ, ಗೊತ್ತಿಲ್ದೆ ಹಾಕ್ತಾರೆ," ಎಂದರು. "ಕಿತ್ತು ಬಂದಿದ್ದು ಹಾಗೇ ತಂದಿದ್ರೆ ಎರಡು ದಿನದ ಕೆಲ್ಸ ಅಮ್ಮಾ. ಈ ಸ್ಕ್ರೂ ಹೊಡ್ದವನು ಮಾತ್ರ..." ಮುಂದಿನದನ್ನು ನುಂಗಿಕೊಂಡರು. ಎರಡು ಸ್ಕ್ರೂಗಳನ್ನು ನನ್ನ ಅಂಗೈಯಲ್ಲಿಟ್ಟು, "ಇವು ನಿಮ್ಮನೇವು. ನನ್ ಅಂಗಡೀಲಿ ಬೇಡ," ಎಂದರು.

ಹಲಗೆ ಬದಲಿಸಬಹುದಿತ್ತು. ಆದರೆ ಅಂಥ ಮರ ಇನ್ನಿರಲಿಲ್ಲ. ಇದ್ದುದನ್ನೇ ಉಳಿಸಿ ಎಂದೆ. ಹಿಂಬದಿಯನ್ನು ಪೂರ್ತಿ ಬಿಚ್ಚಿ ಒಳಗಿನಿಂದ ಸರಿ ಮಾಡಬೇಕು, ಮೊದಲಿನ ನಾದ ಬರುತ್ತದೆ ಎಂದು ಮಾತು ಕೊಡಲಾರೆ ಎಂದರು.

ಆ ಭಾನುವಾರ ಅಣ್ಣ ಕಾರ್ಖಾನೆಯ ಇಬ್ಬರು ಸ್ನೇಹಿತರನ್ನು ಊಟಕ್ಕೆ ಕರೆದಿದ್ದ. ನಾನು ಬಡಿಸುತ್ತಿದ್ದೆ. ಒಬ್ಬ, "ನಿಮ್ಮ ಗಿಟಾರ್ ಅಂತೆ ಅದು? ಸಖತ್ತಾಗಿತ್ತು ಪ್ರೋಗ್ರಾಮು. ನಿಮ್ಮಣ್ಣ ಇಲ್ದಿದ್ರೆ ಅವತ್ತು ಮಾನ ಹೋಗ್ತಿತ್ತು," ಎಂದ. ಅಣ್ಣ ನಗುತ್ತ ಅನ್ನ ಕಲಸುತ್ತಿದ್ದ. ಒಂದು ವಾರದಿಂದ ಅವನು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಗಿಟಾರ್ ಎಲ್ಲಿದೆ ಎಂದೂ ಕೇಳಿರಲಿಲ್ಲ.

ನಾನು ಸಾರಿನ ಪಾತ್ರೆ ಕೆಳಗಿಟ್ಟೆ. ಕೋಣೆಗೆ ಹೋಗಿ ಸ್ಕ್ರೂಗಳನ್ನು ತಂದು ಅವನ ಎಲೆಯ ತುದಿಯಲ್ಲಿ, ಉಪ್ಪಿನ ಪಕ್ಕ ಬಡಿಸಿದೆ.

"ಏನಿದು?" ಎಂದ.

"ನೀನು ಕೊಡ್ಸಿದ್ದು. ನಿನಗೇ ಇರ್ಲಿ." ಸ್ನೇಹಿತರ ಕಡೆ ತಿರುಗಿ ಹೇಳಿದೆ, "ನಿಮ್ಮ ಮಾನ ಉಳೀತಲ್ಲ ಸಾರ್, ಸಂತೋಷ. ನನ್ನನ್ನ ಕೇಳದೆ ನನ್ನ ಬೀರು ತೆಗೆದು ಕೊಟ್ಟಿದ್ದು ಅದು. ಮುರಿದು, ಮೇಲೆ ಇದನ್ನ ಹೊಡೆದು ತಂದಿಟ್ಟಿದ್ದಾನೆ. ಇನ್ನೊಂದ್ಸಲ ಏನಾದ್ರೂ ಬೇಕಾದ್ರೆ ಅವನ ಬೀರೂನೇ ತೆಗೆಸಿ."

ಇಬ್ಬರೂ ತಲೆ ಎತ್ತಲಿಲ್ಲ. ಅಣ್ಣ ಎಲೆ ಬಿಟ್ಟು ಎದ್ದ. ಅವರು ಹೋದ ಮೇಲೆ ಅಮ್ಮ ನನ್ನ ಮೇಲೆ ಹರಿಹಾಯ್ದಳು. "ಹೆಣ್ಣುಹುಡುಗಿಗೆ ಇಷ್ಟು ರೋಷ ಒಳ್ಳೇದಲ್ಲ. ಊಟಕ್ಕೆ ಕೂತವನನ್ನ ಎಬ್ಬಿಸಿದ್ಯಲ್ಲ! ಅವನ ಕ್ಷಮೆ ಕೇಳು, ಹೋಗು."

ಕ್ಷಮೆ ನಾನು ಕೇಳಬೇಕಂತೆ! ಆ ಮಾತು ಕಿವಿಗೆ ಬಿದ್ದ ಗಳಿಗೆಯೇ ಈ ಮನೆಯಲ್ಲಿ ಇರುವುದಿಲ್ಲ ಎಂದು ತೀರ್ಮಾನಿಸಿದೆ. ಬ್ಯಾಂಕಿನ ಸಹೋದ್ಯೋಗಿಯೊಬ್ಬಳ ಅತ್ತೆಯ ಮನೆ ಜೆ.ಪಿ. ನಗರದಲ್ಲಿತ್ತು. ಮಹಡಿಯ ಮೇಲೊಂದು ಕೋಣೆ ಖಾಲಿ ಇತ್ತು. ಆಗ ಆ ಕಡೆ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ತಿಂಗಳು ತುಂಬುವ ಮೊದಲೇ ಒಂದು ಟ್ರಂಕು, ಒಂದು ಹಾಸಿಗೆ ಸುತ್ತಿಕೊಂಡು ಹೋದೆ. ಮದುವೆಯಾಗದ ಹುಡುಗಿ ಒಬ್ಬಳೇ ಬೇರೆ ಮನೆ ಮಾಡಿದಳು, ಅದೂ ಒಂದು ಗಿಟಾರಿಗೋಸ್ಕರ, ಎಂದು ನೆಂಟರೆಲ್ಲ ಆಡಿಕೊಂಡರು. ಗಿಟಾರಿಗೋಸ್ಕರ ಅಲ್ಲ, ಬೀಗದ ಕೈಗೋಸ್ಕರ ಎಂದು ಯಾರಿಗೆ ಹೇಳುವುದು? ಹೊಸ ಕೋಣೆಯ ಕೀಲಿ ಒಂದೇ ಇತ್ತು. ಅದು ನನ್ನ ಪರ್ಸಿನಲ್ಲಿತ್ತು.

ಸಂಕ್ರಾಂತಿ ಕಳೆದ ಮೇಲೆ ಮೇಸ್ತ್ರಿಗಳು ಗಿಟಾರ್ ಕೊಟ್ಟರು. ಸ್ಕ್ರೂ ತೂತುಗಳನ್ನು ಅದೇ ಬಣ್ಣದ ಮರದಿಂದ ಮುಚ್ಚಿದ್ದರು, ಹುಡುಕಿದರೂ ಕಾಣುತ್ತಿರಲಿಲ್ಲ. ಅಂಗಡಿಯಲ್ಲೇ ಕೂತು ನುಡಿಸಿದೆ. ಕೆಳಗಿನ ಮೂರು ತೆಳು ತಂತಿ ಮೊದಲಿನ ಹಾಗೆಯೇ ಇದ್ದವು. ಮೇಲಿನ ದಪ್ಪ ತಂತಿಗಳು ಮಾತ್ರ ಮೀಟಿದ ಕೂಡಲೇ ಕುಗ್ಗಿಹೋಗುತ್ತಿದ್ದವು. ಮೊದಲು ಆ ನಾದ ಎದೆಗೆ ತಾಗಿಕೊಂಡು ಎಷ್ಟು ಹೊತ್ತು ನಿಲ್ಲುತ್ತಿತ್ತು! ಮೇಸ್ತ್ರಿಗಳಿಗೂ ಗೊತ್ತಾಯಿತು. "ಇಷ್ಟೇ ಆಗಿದ್ದು ಅಮ್ಮಾ," ಎಂದು ಬೇರೆ ಕಡೆ ನೋಡಿದರು. ಅವರ ತಪ್ಪಿಲ್ಲದ್ದಕ್ಕೆ ಅವರು ತಲೆ ತಗ್ಗಿಸಿದ್ದನ್ನು ನೋಡಿ ನನ್ನ ಮೈ ಮತ್ತೆ ಉರಿಯಿತು.

ಯುಗಾದಿಯ ದಿನ ಅಣ್ಣ ಬಂದ. ಅಮ್ಮ ಒಬ್ಬಟ್ಟು ಕಳಿಸಿದ್ದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೋಣೆಯನ್ನೆಲ್ಲ ನೋಡಿದ. ಹಾಸಿಗೆಯ ಮೇಲೆ ಗಿಟಾರ್ ಇತ್ತು. "ಸರಿ ಹೋಯ್ತಲ್ಲ!" ಎಂದು ಕೈ ಚಾಚಿದ.

"ಮುಟ್ಬೇಡ."

ಕೈ ಹಿಂದೆಗೆದುಕೊಂಡ. "ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ? ನಾನೇನು ಬೇಕೂಂತ ಮಾಡಿದ್ನಾ?"

"ಬೇಕೂಂತ ಮಾಡ್ಲಿಲ್ಲ. ಕೇಳ್ಲೂ ಇಲ್ಲ. ಆಮೇಲಾದ್ರೂ ತಪ್ಪಾಯ್ತು ಅಂದ್ಯಾ?"

ಅವನು ಕಿಟಕಿಯ ಹೊರಗೆ ನೋಡುತ್ತ ನಿಂತ. ಆ ಒಂದು ಮಾತು ಈಗ ಬರುತ್ತದೆ ಎಂದು ನಿಜವಾಗಿಯೂ ಕಾದೆ. "ಬಸ್ಸು ತಪ್ಪುತ್ತೆ, ಬರ್ತೀನಿ," ಎಂದ. ಮೆಟ್ಟಿಲಿಳಿದು ಹೋದ.

ನಾನು ತಡೆಯಲಿಲ್ಲ. ಒಬ್ಬಟ್ಟನ್ನು ಕೆಳಗಿನ ಮನೆಯವರಿಗೆ ಕೊಟ್ಟುಬಿಟ್ಟೆ. ಬಾಗಿಲು ಹಾಕಿಕೊಂಡು ಗಿಟಾರ್ ತೊಡೆಯ ಮೇಲಿಟ್ಟುಕೊಂಡೆ. ದಪ್ಪ ತಂತಿಗಳು ಕಡಿಮೆ ಬೇಕಾಗುವ ಪಾಠಗಳನ್ನೇ ಹುಡುಕಿ, ಬೆರಳು ನೋಯುವವರೆಗೂ ನುಡಿಸಿದೆ. ಅಂದಿನಿಂದ ಹಾಗೆಯೇ ನುಡಿಸುತ್ತಿದ್ದೇನೆ, ಸಿಟ್ಟಿನಲ್ಲೇ.