ಅವರೆ ಸಾಲಿನ ಬೀದಿಗಳು

ಆಕಾಶದಿಂದ ಹಳೇ ಪಟ್ಟಣ ಹುಡುಕುವ ಕೆಲಸಕ್ಕೆ ಮುಖ್ಯಸ್ಥರಾಗಿದ್ದ ನಮ್ಮ ರಾಮಾಂಜಿನಪ್ಪ ಸರ್ ಮನೆಯ ಏಣಿ ಹತ್ತಿದವರಲ್ಲ, ತಲೆ ಸುತ್ತು. ನಾನು ಡ್ರೋನ್ ಹಾರಿಸಿದರೆ ಸಾಕು, ಕೊಡೆ ಬಿಚ್ಚಿಕೊಂಡು ಹುಣಸೆಮರದ ಬುಡ ಸೇರೋರು. "ಅದು ಬಿದ್ರೆ ನನ್ ತಲೆಮೇಲೇ ಬೀಳೋದು ಕಣಮ್ಮ, ನನ್ ಜಾತಕ ನಂಗೊತ್ತು." ಫೋಟೋ ಬಂದವೋ, ಲ್ಯಾಪ್‌ಟಾಪ್ ಮುಂದಿನಿಂದ ಏಳುತ್ತಿರಲಿಲ್ಲ. ಇತ್ತ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು.

ಕುಡುಮಲಕುಂಟೆ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಹಾಳೂರು ದಿಬ್ಬದ ಕೆಳಗೆ ಕೋಟೆ ಕಟ್ಟಿದ್ದ ಪಟ್ಟಣವಿದೆ ಅನ್ನೋದು ಅವರ ನಂಬಿಕೆ. ನಂಬಿಕೆ ಸಾಲದು, ಗುರುತು ಬೇಕು. ಹೊಲ ಆಗಲೇ ಲೇಔಟಿನವರಿಗೆ ಮಾರಾಟವಾಗಿತ್ತು. ಹೊಲ ಮಾರಿದ್ದ ನಾರಾಯಣಮ್ಮನ ಕೊನೆಯ ರಾಗಿ ಬೆಳೆ ಕೊಯ್ಲಾಗುವುದೇ ತಡ, ನೆಲ ಮಟ್ಟ ಮಾಡಲು ಜೆಸಿಬಿ ಬರುವುದಿತ್ತು.

ಮೊದಲ ಫೋಟೋದಲ್ಲೇ ರಾಗಿಯ ನಡುವೆ ನೇರ ಗೆರೆಗಳು ಕಂಡವು, ಸಮಸಮ ದೂರದಲ್ಲಿ. "ಬೀದಿಗಳು! ಎಂತ ಪೆದ್ದ ಊರಮ್ಮಾ ಇದಿ!" ಎಷ್ಟು ದೊಡ್ಡ ಊರು ಅಂತ; ಸಂತೋಷ ಹೆಚ್ಚಾದರೆ ಅವರ ಬಾಯಿಗೆ ತೆಲುಗೇ ಬರುತ್ತಿದ್ದುದು. ಅವತ್ತೇ ನಮ್ಮ ಪುರಾತತ್ವ ಇಲಾಖೆಯ ಕಚೇರಿಗೆ ಬರೆದರು. ಜೆಸಿಬಿಗೆ ತಡೆಯೂ ಬಂತು. ಆಮೇಲೆ ಹೊಲಕ್ಕಿಳಿದು ನೋಡಿದರೆ ಬೀದಿ ಇರಬೇಕಾದಲ್ಲಿ ಅವರೆ ಗಿಡ! ರಾಗಿಯ ನಡುನಡುವೆ ಬಿತ್ತುವ ಅಕ್ಕಡಿ ಸಾಲು. ನಾರಾಯಣಮ್ಮ ಬಾಯಿಗೆ ಸೆರಗಿಟ್ಟು ನಕ್ಕರು.

"ಅವರೆಕಾಳು ಸಾರು ಉಂಡು ಬೆಳೆದೋನು ಕಣಮ್ಮ ನಾನು! ನಮ್ಮಪ್ಪ ಇದ್ದಿದ್ರೆ ಬಾರುಕೋಲು ತಗೋತಿದ್ದ" ಅಂತ ಸರ್ ಹಣೆ ಚಚ್ಚಿಕೊಂಡರು.

"ಸುಮ್ನಿರಿ ಸರ್. ಹೆಂಗೂ ತಡೆ ಸಿಕ್ಕಿದೆ, ಯಾರಿಗೆ ಗೊತ್ತಾಗ್ತದೆ?" ಅಂದೆ.

"ಅವರೆ ಗಿಡ ತೋರ್ಸಿ ಪಟ್ಟಣ ಉಳಿಸ್ತೀಯಾ? ನಾಳೆ ನಿಜವಾದ ಗೋಡೆ ತೋರಿಸಿದ್ರೂ ಯಾರೂ ನಂಬಲ್ಲ" ಎಂದು ರೇಗಿದರು. ತಪ್ಪಾಯಿತೆಂದು ಅವರೇ ಬರೆದರು. ತಡೆ ಹೋಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಇನ್ನು ಉಳಿದಿದ್ದು ಒಂದೇ ದಾರಿ. ಹೂತುಹೋದ ಗೋಡೆಯ ಮೇಲೆ ಮಣ್ಣು ತೆಳು. ಬಿಸಿಲು ಬಿದ್ದರೆ ಅಲ್ಲಿನ ರಾಗಿ ಬೇಗ ಒಣಗಿ, ಮೇಲಿಂದ ಹಳದಿ ಕಾಣುತ್ತದೆ. ಆದರೆ ಹಾಳಾದ ಮೋಡ ಬಿಡಲೊಲ್ಲದು, ತೆನೆಯೂ ಬಲಿತಿತ್ತು. ಸರ್ ಹೋಗಿ ನಾರಾಯಣಮ್ಮನ ಜಗಲಿಯ ಮೇಲೆ ಕೂತರು.

"ಕೊಯ್ಲಿಗೆ ಸ್ವಲ್ಪ ತಡಿ ತಾಯಿ. ನಾಲ್ಕು ತೆನೆ ಉದುರಿದ್ರೂ ಮುಂದಿನ ವರ್ಷ ಬೆಳೆ ಬರ್ತದೆ."

"ಮುಂದಿನ ವರ್ಷ ನಂಗೆ ಹೊಲ ಎಲ್ಲೈತೆ ಸಾಮಿ?"

ಸರ್ ಕೊಡೆ ಎತ್ತಿಕೊಂಡು ಜಗಲಿ ಇಳಿದರು. ಆಯಮ್ಮನಿಗೆ ಏನನ್ನಿಸಿತೋ, "ಆಗ್ಲಿ, ಬಿಸಿಲು ಬರೋಗಂಟ" ಅಂದರು.

ಬಿಸಿಲು ಬಂದಾಗ ಸರ್ ಎದೆನೋವಿಂದ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿದ್ದರು. ನಾನೊಬ್ಬಳೇ ಡ್ರೋನ್ ಹಾರಿಸಿದೆ. ಹಳದಿ ಪಟ್ಟಿಯೊಂದು ಹೊಲದ ಬದುಗಳನ್ನು ದಾಟಿ ದಿಬ್ಬವನ್ನೇ ಸುತ್ತಿತ್ತು, ಒಂದು ಕಡೆ ಬಾಗಿಲಿನಷ್ಟು ಜಾಗ ಬಿಟ್ಟು. ಈ ಸಲ ಅಷ್ಟುದ್ದವೂ ನಡೆದು ನೋಡಿಕೊಂಡೇ ಆಸ್ಪತ್ರೆಗೆ ಹೋದೆ. ಸರ್ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಕೋಟೆಗೋಡೆ ಕಣಮ್ಮ. ಕಳ್ಸು" ಅಂದು ನನ್ನ ಕೈ ಹಿಡಿದುಕೊಂಡರು.

ಆ ವಾರವೇ ಹೋಗಿಬಿಟ್ಟರು. ಗೌರಿಬಿದನೂರಿನ ಅವರ ಮನೆ ಮುಂದೆ ಆಟೋ ಇಳಿಯುವಾಗ ನನ್ನ ಫೋನಿಗೆ ಕಚೇರಿಯಿಂದ ಕರೆ ಬಂತು. ದಿಬ್ಬ ಮುಟ್ಟುವ ಹಾಗಿಲ್ಲ, ಆದೇಶವಾಗಿದೆ. ಅಳುವವರನ್ನು ಸರಿಸಿಕೊಂಡು ಒಳಗೆ ಹೋದೆ, ಬಗ್ಗಿದೆ, ಅವರ ಕಿವಿಯ ಹತ್ತಿರ, "ಸರ್, ಊರು ಉಳೀತು" ಅಂದೆ. ಎಲ್ಲರೂ ನನ್ನನ್ನೇ ನೋಡಿದರು. ನೋಡಲಿ ಬಿಡಿ.