ಮಾವಿನ ಗುಂಡಿಯ ಫರಸಿ

ಮಾವಿನ ಸಸಿಗೆ ಮೂರು ಅಡಿ ಆಳದ ಗುಂಡಿ ಬೇಕೇ ಬೇಕೆಂದು ತೋಟಗಾರಿಕೆ ತರಬೇತಿಯಲ್ಲಿ ಕಲಿತಿದ್ದೆ. ಚಿತ್ತಾಪುರದ ಹೊಲಕ್ಕೆ ಅದನ್ನು ಯಾರೂ ಹೇಳಿರಲಿಲ್ಲ. ಒಂದೂವರೆ ಅಡಿಗೇ ಚಪ್ಪಡಿಯಂಥ ಫರಸಿ ಕಲ್ಲು ಸಿಕ್ಕಿತು.

ಹೊಸ ನೌಕರಿಯ ಹುರುಪು ನೋಡಿ, ಹಾರೆ ಎತ್ತಿ ಹೊಡೆದೇ ಹೊಡೆದೆ. ಅಂಗೈಯಲ್ಲಿ ಬೊಬ್ಬೆ ಎದ್ದವು, ಕಲ್ಲು ಏಳಲಿಲ್ಲ. ಪಕ್ಕದಲ್ಲಿ ಆಡು ಮೇಯಿಸುತ್ತಿದ್ದವರೊಬ್ಬರು ಬಹಳ ಹೊತ್ತು ನೋಡಿ ಹತ್ತಿರ ಬಂದರು. ಶಹಾಬಾದಿನ ಕಲ್ಲಿನ ಗಣಿಯಲ್ಲಿ ದುಡಿದವರಂತೆ.

“ಏನ್ರಿ ಸಾಹೇಬ್ರ, ಕಲ್ಲಿನ ಸಂಗಾಟ ಕುಸ್ತಿ ಹಿಡದೀರಿ? ಹೊಡದ್ರ ಏಳಂಗಿಲ್ರಿ ಅದು. ಒಂದ್ ಅಂಚು ಹಿಡದು ಮೆಲ್ಲಕ ಎಬ್ಬಸ್ಬೇಕು.”

ಮಣ್ಣು ಸರಿಸಿ, ಸಂದು ಹುಡುಕಿ, ಹಾರೆಯ ತುದಿ ತೂರಿಸಿ ಅದುಮಿದರು. ಹಾಸುಗಲ್ಲು ಇಡಿಯಾಗಿ ಎದ್ದು ಬಂತು. ಅದನ್ನು ಇಬ್ಬರೂ ಪಕ್ಕಕ್ಕೆ ಎಳೆದೆವು. ಅವರು ಅದರ ಮೇಲೇ ಕುಳಿತುಬಿಟ್ಟರು.

“ಗಿಡ ಹಚ್ರಿ. ನೆರಳಾಗ ಕುಂದ್ರಲಾಕ ಬರ್ತೀನಿ.”

“ನೆರಳಿಗೆ ಇನ್ನಾ ಆರೇಳು ವರ್ಷ ಬೇಕು, ಕಾಕಾ.”

“ಬೇಕಾಗಲಿ. ಕಲ್ಲೇನು ಓಡಿ ಹೋಗ್ತದೇನ್ರಿ?”

ಅವತ್ತು ಸೊಂಟ ಹಿಡಿದುಕೊಂಡಿತ್ತು. ಆದರೆ ನೆನಪಿನಲ್ಲಿ ಉಳಿದದ್ದು ಸಸಿಗೆ ಮೊದಲ ನೀರು ಹಾಕಿದಾಗ ಎದ್ದ ಮಣ್ಣಿನ ವಾಸನೆ.

ನಿವೃತ್ತನಾದ ಮೇಲೆ ಮೊನ್ನೆ ಆ ಕಡೆ ಹೋಗಿದ್ದೆ. ಮಾವು ದಾರಿಯವರೆಗೂ ನೆರಳು ಚಾಚಿತ್ತು. ವಯಸ್ಸಾಗಿ ಹಣ್ಣಾಗಿದ್ದ ಕಾಕಾ ಅದೇ ಕಲ್ಲಿನ ಮೇಲೆ ಕುಳಿತಿದ್ದರು, ಸರಿದು ಜಾಗ ಕೊಟ್ಟರು. ಮಾತಾಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹೊರಡುವಾಗ ಮಾತ್ರ ಸೊಂಟ ಏಳಲು ಒಪ್ಪಲಿಲ್ಲ. ಗುಂಡಿ ತೋಡಿ ತೋಡಿ ಗಳಿಸಿದ ಸೊಂಟ ಅದು.

ಕಾಕಾ ನನ್ನ ರಟ್ಟೆ ಹಿಡಿದು ನಕ್ಕರು.

“ಜಬರದಸ್ತಿ ಮಾಡಬ್ಯಾಡ್ರಿ ಸಾಹೇಬ್ರ. ಒಂದ್ ಅಂಚಿಂದ ಏಳ್ರಿ.”